ಬರಿಗಾಲಿನ ಬ್ಯಾಕ್‌ನಿಂದ ಸಂಬಳದ ಡಿಫೆಂಡರ್‌ವರೆಗೆ

ಭಾರತದ ಫುಟ್‌ಬಾಲ್‌ನಲ್ಲಿ ಗೋಲಿಗೆ ಕಾವಲು ನಿಂತು ಆಡುವುದು ಹೊಟ್ಟೆ ಹೊರೆಯುವ ಕಸುಬಾಗಲು ಬಹಳ ಕಾಲ ಹಿಡಿಯಿತು. 1911ರ ಜುಲೈ 29ರಂದು ಕಲ್ಕತ್ತದ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಹಿಂದಿದ್ದ ಬ್ಯಾಕ್‌ಗಳು ಇಬ್ಬರೇ: ಭೂತಿ ಸುಕುಲ್ ಮತ್ತು ಸುಧೀರ್ ಚಟರ್ಜಿ. ತಂಡದಲ್ಲಿ ಬೂಟು ತೊಟ್ಟು ಆಡಿದವರು ಚಟರ್ಜಿ ಒಬ್ಬರೇ. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಇಬ್ಬರು ಬ್ಯಾಕ್, ಮೂವರು ಹಾಫ್ ಬ್ಯಾಕ್, ಐವರು ಫಾರ್ವರ್ಡ್ ಎಂಬುದು ಆಗಿನ ರೂಢಿ. ಎದುರಾಳಿಗಳು ಹಾಫ್ ಬ್ಯಾಕ್‌ಗಳನ್ನು ದಾಟಿ ಬಂದರೆ ಮುಂದಿನ ಭಾರವೆಲ್ಲ ಈ ಇಬ್ಬರದು.

ಶೀಲ್ಡ್ ಗೆಲುವಿನ ಬೆನ್ನಿಗೇ ಅದೇ ತಂಡ ಸೇರಿದ ಗೋಷ್ಠ ಪಾಲ್ 1930ರ ದಶಕದ ನಡುವಿನವರೆಗೂ ಬರಿಗಾಲಿನಲ್ಲೇ ಬ್ರಿಟಿಷ್ ಸೈನಿಕರ ಬೂಟುಗಳಿಗೆ ಎದೆಯೊಡ್ಡಿದರು. ಜನ ಅವರನ್ನು ‘ಚೀನಾದ ಗೋಡೆ’ ಎಂದು ಕರೆದರು. 1962ರಲ್ಲಿ ಪದ್ಮಶ್ರೀ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಅವರೇ.

ಹೌರಾದ ಶೈಲೇನ್ ಮನ್ನಾ ಬದುಕಿನಲ್ಲಿ ಆ ಕಾಲದ ಆಟಗಾರರ ಪಾಡು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1942ರಿಂದ 1960ರವರೆಗೆ ಅವರು ಮೋಹನ್ ಬಾಗಾನ್ ಬಿಟ್ಟು ಕದಲಲಿಲ್ಲ. ಅನ್ನ ಕೊಟ್ಟದ್ದು ಮಾತ್ರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ನೌಕರಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿಗೆ 1–2ರಿಂದ ಸೋತಿತು. ಸಿಕ್ಕ ಎರಡು ಪೆನಾಲ್ಟಿಗಳೂ ಗೋಲಾಗಲಿಲ್ಲ. ಒಂದನ್ನು ಒದ್ದವರು ಮನ್ನಾ. ಮೂರೇ ವರ್ಷದಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ, ಅವರದೇ ನಾಯಕತ್ವದ ತಂಡ ಇರಾನನ್ನು 1–0ರಿಂದ ಮಣಿಸಿ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಭಾರತದ ವಿರುದ್ಧ ಯುಗೋಸ್ಲಾವಿಯಾ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಬ್ಯಾಕ್‌ಗಳಿಗೆ ಇದು ಸಣ್ಣ ಬದಲಾವಣೆಯಲ್ಲ: ಒದ್ದೆ ನೆಲದಲ್ಲಿ ಜಾರದೆ ತಿರುಗುವುದಕ್ಕೂ ಬೂಟುಗಾಲಿನ ಎದುರಾಳಿಯಿಂದ ಚೆಂಡು ಕಸಿಯುವುದಕ್ಕೂ ಬರಿಗಾಲು ಸಾಲದು.

ಆಟದ ಜೋಡಣೆಯೂ ಬದಲಾಯಿತು. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಗೊಂಡ ಮೇಲೆ ಇಂಗ್ಲೆಂಡಿನಲ್ಲಿ ನಡುವಿನ ಹಾಫ್ ಬ್ಯಾಕ್ ಹಿಂದಕ್ಕೆ ಸರಿದು ಮೂರನೆಯ ಬ್ಯಾಕ್ ಆಗಿದ್ದ. ಭಾರತದಲ್ಲಿ ಇಂಥ ಹೊಸ ಪದ್ಧತಿಗಳನ್ನು ರೂಢಿಗೆ ತಂದವರಲ್ಲಿ ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಮ್ ಮೊದಲಿಗರು. ಅವರು ತರಬೇತಿ ಕೊಟ್ಟ ಭಾರತ ತಂಡದ ನಡು ಬ್ಯಾಕ್ ಜರ್ನೈಲ್ ಸಿಂಗ್ ಪಂಜಾಬಿನ ಹೋಷಿಯಾರ್‌ಪುರ ಜಿಲ್ಲೆಯವರು, ದೇಶವಿಭಜನೆಯ ಗಾಯ ಕಂಡವರು, ಗಟ್ಟಿ ಟ್ಯಾಕಲ್‌ಗೆ ಹೆಸರಾದವರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಥಾಯ್ಲೆಂಡ್ ವಿರುದ್ಧ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಜರ್ನೈಲ್ ಅವರನ್ನು ಮನೆಗೆ ಕಳಿಸದೆ ರಹೀಮ್ ಮುಂಚೂಣಿಗೆ ತಂದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಜರ್ನೈಲ್ ಗೋಲು ಹೊಡೆದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧವೂ ಹೊಡೆದರು. ಭಾರತ 2–1ರಿಂದ ಚಿನ್ನ ಗೆದ್ದಿತು. ನಮ್ಮ ಫುಟ್‌ಬಾಲ್ ಚರಿತ್ರೆಯಲ್ಲಿ ಇದಕ್ಕಿಂತ ದಿಟ್ಟವಾದ ನಿರ್ಧಾರ ಸಿಗುವುದು ಕಷ್ಟ.

ಇಂಥವರೂ ಸಂಸಾರ ಸಾಗಿಸಲು ನೌಕರಿಯನ್ನೇ ನೆಚ್ಚಬೇಕಿತ್ತು. ರೈಲ್ವೆ, ಪೊಲೀಸ್, ಬಂದರು, ಬ್ಯಾಂಕು, ಬೆಂಗಳೂರಿನಲ್ಲಾದರೆ ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳು. ಆಟಗಾರನೆಂದು ಕೆಲಸಕ್ಕೆ ಸೇರಿ, ಆಡುವ ಕಾಲ ಮುಗಿದ ಮೇಲೂ ಅದೇ ಕಚೇರಿಯಲ್ಲಿ ಉಳಿಯುವುದು ವಾಡಿಕೆ. ಆ ವ್ಯವಸ್ಥೆ ಕೊಟ್ಟ ಭದ್ರತೆಯನ್ನು ಹಗುರವಾಗಿ ಕಾಣಬಾರದು: ಮೊಣಕಾಲು ಕೈಕೊಟ್ಟರೂ ಮನೆಗೆ ಸಂಬಳ ಬರುತ್ತಿತ್ತು. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಐ–ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದ ಮೇಲೆ ಕಚೇರಿ ತಂಡಗಳು ಹಿಂದೆ ಸರಿದವು. ಕ್ಲಬ್ ಜೊತೆಗಿನ ಕರಾರೇ ಜೀವನಾಧಾರವಾಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದು ಈ ಬದಲಾವಣೆಯನ್ನು ಕರ್ನಾಟಕಕ್ಕೂ ತಂದಿತು.

ಹೊಸ ಕಾಲದ ಡಿಫೆಂಡರ್‌ಗೆ ಚಂಡೀಗಢದ ಸಂದೇಶ್ ಝಿಂಗನ್ ಉತ್ತಮ ನಿದರ್ಶನ. ಕೇರಳ ಬ್ಲಾಸ್ಟರ್ಸ್‌ನಲ್ಲಿ ಹೆಸರು ಮಾಡಿ, ಕೋಲ್ಕತ್ತಕ್ಕೆ ಹೋಗಿ, 2021ರಲ್ಲಿ ಕ್ರೊಯೇಷಿಯಾದ ಷಿಬೆನಿಕ್ ಕ್ಲಬ್ ಸೇರಿದರು. ಗಾಯದಿಂದಾಗಿ ಅಲ್ಲಿ ಲೀಗ್ ಆಡಲಾಗದೆ ಮರಳಿದರು. 2022ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ ಅವರು ಆ ಋತುವಿನಲ್ಲೇ ತಂಡದೊಂದಿಗೆ ಡುರಾಂಡ್ ಕಪ್ ಗೆದ್ದರು. ಮರುವರ್ಷ ಎಫ್‌ಸಿ ಗೋವಾಕ್ಕೆ ಹೋದರು.