ಅಣ್ಣ ಮನುಷ್ಯರನ್ನು ಬರೆದ, ತಮ್ಮ ಮರಗಳನ್ನು

ಕಡಲಂಚಿನ ಬಂಡೆಯ ಮೇಲೆ ಬೆತ್ತಲೆ ಹುಡುಗನೊಬ್ಬ ಕಾಲು ತಬ್ಬಿಕೊಂಡು, ಮೊಣಕಾಲಿಗೆ ತಲೆ ಆನಿಸಿ ಕೂತಿರೋ ಪೇಂಟಿಂಗ್ ಒಂದಿದೆ. ಫೋನಲ್ಲಿ ಎಲ್ಲೋ ಒಂದ್ಸಲ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಈಗ ಲೂವ್ರ್ ಮ್ಯೂಸಿಯಂನಲ್ಲಿರೋ ಅದನ್ನು 1836ರಲ್ಲಿ ರೋಮ್‌ನಲ್ಲಿ ಬರೆದವನು ಫ್ರಾನ್ಸಿನ ಇಪೊಲಿತ್ ಫ್ಲಾಂದ್ರಾಂ. ನಾನಿವತ್ತು ಹೇಳೋದು ಅವನ ತಮ್ಮ ಪಾಲ್ ಕಥೆ.

ಲಿಯೋನ್ ಊರಿನ ಈ ಅಣ್ಣತಮ್ಮ 1829ರಲ್ಲಿ ಪ್ಯಾರಿಸ್‌ಗೆ ನಡ್ಕೊಂಡೇ ಹೋದರು! ಅಲ್ಲಿ ಆಂಗ್ರ ಎಂಬ ದೊಡ್ಡ ಚಿತ್ರಕಾರನ ಶಿಷ್ಯರಾದರು. 1832ರಲ್ಲಿ ಅಣ್ಣನಿಗೆ ರೋಮ್ ಪ್ರಶಸ್ತಿ ಸಿಕ್ಕಿತು. ಅಂದರೆ ಸರ್ಕಾರದ ಖರ್ಚಲ್ಲಿ ರೋಮ್ ವಾಸ.

ತಮ್ಮ ಹಿಡಿದದ್ದು ನಿಸರ್ಗಚಿತ್ರ. ಇಲ್ಲೇ ನೋಡಿ ತೊಡಕು. ಆಗಿನ ಅಕಾಡೆಮಿ ಲೆಕ್ಕದಲ್ಲಿ ಪುರಾಣ, ಇತಿಹಾಸದ ವೀರರನ್ನು ಬರೆಯೋರು ಮೇಲಿನವರು; ಬೆಟ್ಟ, ಮರ ಬರೆಯೋರು ಕೆಳಗೆ. ಅಣ್ಣನ ವಿಭಾಗಕ್ಕೆ ಪ್ರತಿವರ್ಷ ಸ್ಪರ್ಧೆ, ನಿಸರ್ಗಚಿತ್ರಕ್ಕೆ ನಾಲ್ಕು ವರ್ಷಕ್ಕೊಮ್ಮೆ. 1833ರಲ್ಲಿ ಪಾಲ್ ಸ್ಪರ್ಧಿಸಿದ, ಗೆಲ್ಲಲಿಲ್ಲ. ಮುಂದಿನದಕ್ಕೆ 1837ರ ತನಕ ಕಾಯಬೇಕು. ಅವನು ಕಾಯಲಿಲ್ಲ. 1834ರಲ್ಲಿ ಪ್ರಶಸ್ತಿ ಇಲ್ಲದೆಯೇ ರೋಮ್‌ಗೆ ಹೋಗಿ ಅಣ್ಣನನ್ನು ಸೇರಿಕೊಂಡ. ನನಗೆ ಇವನು ಇಷ್ಟವಾಗೋದು ಈ ಹಟಕ್ಕೆ.

ವಾಪಸ್ ಬಂದಮೇಲೆ ಅಣ್ಣನಿಗೆ ದೊಡ್ಡ ದೊಡ್ಡ ಚರ್ಚುಗಳ ಗೋಡೆಗಳು ಸಿಕ್ಕವು. ಪ್ಯಾರಿಸ್‌ನ ಸ್ಯಾಂ-ಜೆರ್ಮಾಂ-ದೆ-ಪ್ರೆ ಅದರಲ್ಲೊಂದು. ತಮ್ಮ ಆ ಕೆಲಸಗಳಿಗೆ ಕೈಜೋಡಿಸುತ್ತಲೇ ತನ್ನ ಮರ, ಬಂಡೆ, ರೋಮ್ ಸುತ್ತಲಿನ ಬಯಲುಗಳನ್ನೂ ಬರೆಯುತ್ತಿದ್ದ. ಅದರಲ್ಲೂ ಕಾಟ ತಪ್ಪಲಿಲ್ಲ. 1845ರಲ್ಲಿ 24ರ ಹರೆಯದ ವಿಮರ್ಶಕನೊಬ್ಬ, ಗುರು ಆಂಗ್ರ ಮುಖ ಬರೆಯುವ ರೀತಿಯಲ್ಲಿ ಇವನು ಹೊಲ-ಕಾಡು ಬರೀತಾನೆ ಅಂತ ಗೇಲಿ ಮಾಡಿದ. ಆ ಹುಡುಗ ಯಾರು ಗೊತ್ತಾ? ಬೋದಿಲೇರ್. ಲಂಕೇಶರು ‘ಪಾಪದ ಹೂಗಳು’ ಅಂತ ಕನ್ನಡಕ್ಕೆ ತಂದರಲ್ಲ, ಅದೇ ಕವಿ. ಪಾಲ್‌ನ ದೊಡ್ಡ ಕ್ಯಾನ್ವಾಸ್‌ಗಳ ಮಟ್ಟಿಗೆ ಆ ಮಾತು ಪೂರ್ತಿ ಸುಳ್ಳಲ್ಲ ಅನ್ನಿ. ಒಂದೆಲೆಯೂ ಅಲ್ಲಾಡದಷ್ಟು ಶಿಸ್ತು. ಆದರೆ ಬಯಲಲ್ಲೇ ಕೂತು ಮಾಡಿದ ಅವನ ಪುಟ್ಟ ತೈಲಚಿತ್ರಗಳಲ್ಲಿ ಬಿಸಿಲು ನಿಜವಾಗಿ ಬಿದ್ದಿದೆ.

1864ರಲ್ಲಿ ಇಪೊಲಿತ್ ರೋಮ್‌ನಲ್ಲೇ ಸಿಡುಬಿನಿಂದ ಸತ್ತ. ಪಾಲ್ ಇನ್ನೂ 38 ವರ್ಷ ಬದುಕಿದ. 1874ರಲ್ಲಿ ಮೋನೆ ಮತ್ತು ಗೆಳೆಯರು ಇಂಪ್ರೆಷನಿಸ್ಟ್ ಪ್ರದರ್ಶನ ಮಾಡಿ ನಿಸರ್ಗಚಿತ್ರವನ್ನೇ ಹೊಸ ದಾರಿಗೆ ಹಚ್ಚಿದ್ದು ಅವನ ಕಣ್ಣೆದುರಿಗೇ. ಅವನು ತೀರಿಕೊಂಡಿದ್ದು 1902ರಲ್ಲಿ, 90ನೇ ವಯಸ್ಸಿಗೆ.

2021ರಲ್ಲಿ ಲಿಯೋನ್ ಮ್ಯೂಸಿಯಂ ಅಣ್ಣತಮ್ಮಂದಿರ ಪ್ರದರ್ಶನ ಏರ್ಪಡಿಸಿತು. ಇವರ ಹಿರಿಯಣ್ಣ ಓಗುಸ್ತ್ ಕೂಡ ಚಿತ್ರಕಾರನೇ, ಮೂವರ ಹೆಸರೂ ಶೀರ್ಷಿಕೆಯಲ್ಲಿತ್ತು. ಮೊದಲು ಯಾರದ್ದು ಅಂತೀರಾ? ಇಪೊಲಿತ್‌ದೇ!