ಗಾರ್ಬೇಜ್ ಕಲೆಕ್ಷನ್

ಪ್ರೋಗ್ರಾಂ ಬಳಸಿ ಬಿಟ್ಟ ಮೆಮೊರಿಯನ್ನು ಕಂಪ್ಯೂಟರೇ ಹುಡುಕಿ ಮರುಬಳಕೆಗೆ ಒದಗಿಸುವ ಕ್ರಮಕ್ಕೆ ಗಾರ್ಬೇಜ್ ಕಲೆಕ್ಷನ್ ಎಂದು ಹೆಸರು. ಎಂಐಟಿಯಲ್ಲಿ ಲಿಸ್ಪ್ ಭಾಷೆಯನ್ನು ರೂಪಿಸುತ್ತಿದ್ದ ಜಾನ್ ಮೆಕಾರ್ತಿ 1959ರ ಸುಮಾರಿಗೆ ಇದನ್ನು ಕಂಡುಕೊಂಡರು. ಅವರ ಬಳಗದಲ್ಲಿ ಈ ಹೆಸರು ಆಗಲೇ ಓಡಾಡುತ್ತಿತ್ತು. ಲಿಸ್ಪ್ ಕುರಿತ ಅವರ 1960ರ ಪ್ರಬಂಧದಲ್ಲಿ ಮಾತ್ರ ವಿಧಾನದ ವಿವರಣೆಯಿದೆ, ಹೆಸರಿಲ್ಲ. ಕಸದ ಮಾತನ್ನು ಅಚ್ಚಿಗೆ ಕೊಡಲು ಅಳುಕಿದ್ದಿರಬೇಕು ಎಂದು ಅವರೇ ಮುಂದೆ ತಮಾಷೆಯಾಗಿ ಬರೆದುಕೊಂಡರು.

ಲಿಸ್ಪ್ ಓಡುತ್ತಿದ್ದ ಐಬಿಎಂ 704 ಯಂತ್ರದಲ್ಲಿ ಖಾಲಿ ಜಾಗ ಮುಗಿದೊಡನೆ ಪ್ರೋಗ್ರಾಂ ತಡೆದು ನಿಲ್ಲುತ್ತಿತ್ತು. ಆಗ ಅದು ಇನ್ನೂ ತಲುಪಬಲ್ಲ ಪ್ರತಿ ಮೆಮೊರಿ ಕೋಶಕ್ಕೂ ಗುರುತು ಹಾಕಲಾಗುತ್ತಿತ್ತು; ಕೋಶದ ಚಿಹ್ನೆಯನ್ನು ಋಣಕ್ಕೆ ತಿರುಗಿಸುವುದೇ ಆ ಗುರುತು. ಆಮೇಲೆ ಮೆಮೊರಿಯನ್ನೆಲ್ಲ ಒಂದು ಸುತ್ತು ನೋಡಿ, ಗುರುತಿಲ್ಲದ್ದನ್ನು ಖಾಲಿ ಪಟ್ಟಿಗೆ ಸೇರಿಸಿ, ಉಳಿದವುಗಳ ಚಿಹ್ನೆಯನ್ನು ಮೊದಲಿನಂತಾಗಿಸಲಾಗುತ್ತಿತ್ತು. ಈ ವಿಧಾನಕ್ಕೆ ಬಹುಕಾಲ ಅಂಟಿಕೊಂಡ ಕೆಟ್ಟ ಹೆಸರು ಬಂದದ್ದು ಈ ನಿಲುಗಡೆಯಿಂದಲೇ. ಲಿಸ್ಪ್‌ನ ಆರಂಭದ ಒಂದು ಪ್ರಾತ್ಯಕ್ಷಿಕೆಯ ನಡುವೆಯೇ ಗಾರ್ಬೇಜ್ ಕಲೆಕ್ಟರ್ ಎದ್ದು, ತನ್ನ ಅಂಕಿಅಂಶಗಳನ್ನು ಸೆಕೆಂಡಿಗೆ 10 ಅಕ್ಷರದಂತೆ ಟೈಪಿಸತೊಡಗಿತು. ಸಭೆ ನಕ್ಕಿತು, ಸಮಯ ಮುಗಿಯಿತು.

1995ರಲ್ಲಿ ಇದೇ ಕ್ರಮವನ್ನು ಅಳವಡಿಸಿಕೊಂಡ ಜಾವಾ ಭಾಷೆ ಬಂದ ಮೇಲೆ ಗಾರ್ಬೇಜ್ ಕಲೆಕ್ಷನ್ ಎಂಬ ಪದ ಪ್ರೋಗ್ರಾಮರುಗಳ ದಿನಬಳಕೆಗೆ ಇಳಿಯಿತು. ಬೆಂಗಳೂರಿನ ಕಚೇರಿಗಳಲ್ಲಿ ಬರೀ ‘ಜಿಸಿ’. ಮೆಮೊರಿಯಲ್ಲಿರುವ ಒಂದು ವಸ್ತುವಿನ ಕೆಲಸ ಮುಗಿದರೂ ಪ್ರೋಗ್ರಾಂನಿಂದ ಅದಕ್ಕೆ ಎಲ್ಲೋ ಒಂದು ಕೊಂಡಿ ಉಳಿದಿದ್ದರೆ ಅಂಥದ್ದು ಜಿಸಿಯ ಲೆಕ್ಕದಲ್ಲಿ ಕಸವಲ್ಲ. ಜಾವಾದಲ್ಲೂ ಮೆಮೊರಿ ಸೋರುವುದು ಹೀಗೆ.