ನೀರಿನ ಮೇಲೆ ಬಂದ ತೋಳು

1844ರಲ್ಲಿ ಲಂಡನ್ನಿನ ಹೈ ಹೋಬರ್ನ್ ಎಂಬಲ್ಲಿನ ಸಾರ್ವಜನಿಕ ಸ್ನಾನಗೃಹದಲ್ಲಿ ಒಂದು ಈಜು ಸ್ಪರ್ಧೆ ನಡೆಯಿತು. ಸ್ಪರ್ಧಿಗಳು ಉತ್ತರ ಅಮೆರಿಕದಿಂದ ಬಂದಿದ್ದ ಒಜಿಬ್ವೆ ಬುಡಕಟ್ಟಿನ ಇಬ್ಬರು. ಆಂಗ್ಲರು ಅವರನ್ನು ‘ಫ್ಲೈಯಿಂಗ್ ಗಲ್’ ಮತ್ತು ‘ಟೊಬ್ಯಾಕೊ’ ಎಂದು ಕರೆದರು. ಗೆದ್ದ ಫ್ಲೈಯಿಂಗ್ ಗಲ್ 130 ಅಡಿಗಳನ್ನು 30 ಸೆಕೆಂಡುಗಳಲ್ಲಿ ಕ್ರಮಿಸಿದನು. ಆದರೆ ಆ ವೇಗಕ್ಕಿಂತ ಅವರ ತೋಳುಗಳೇ ಪತ್ರಿಕೆಯ ಕಣ್ಣಿಗೆ ಬಿದ್ದವು. ಗಾಳಿಯಂತ್ರದ ರೆಕ್ಕೆಗಳಂತೆ ನೀರನ್ನು ಬಡಿಯುವ ಆ ರೀತಿ ಯೂರೋಪಿನದಲ್ಲ, ವಿಕಾರವಾದುದು ಎಂದು ವರದಿಯಾಯಿತು. ಅಂದಿನ ಸಭ್ಯ ಈಜೆಂದರೆ ಕಪ್ಪೆಯಂತೆ ಕೈಕಾಲುಗಳನ್ನು ನೀರಿನೊಳಗೇ ಆಡಿಸುವ ಬ್ರೆಸ್ಟ್‌ಸ್ಟ್ರೋಕ್.

ಇದನ್ನು ನಾನು ಓದಿದ್ದು ಭುಜದ ಶಸ್ತ್ರಚಿಕಿತ್ಸೆಯ ನಂತರ, ಬಲಗೈಯನ್ನು ಪಟ್ಟಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡು ಕಳೆದ ಆರು ವಾರಗಳಲ್ಲಿ. ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದ ತೋಳು ಅದು. ನಿವೃತ್ತಿಯ ನಂತರ ಪ್ರತಿದಿನ ಬೆಳಗ್ಗೆ ಈಜಿದ ತೋಳೂ ಹೌದು. ತೋಳಿನ ಮೂಳೆಯ ಗುಂಡುತಲೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ನಾಲ್ಕು ಸಣ್ಣ ಸ್ನಾಯುಗಳ ರಜ್ಜುಗಳು. ಅವುಗಳಲ್ಲಿ ಮೇಲ್ಭಾಗದ್ದು, ಕೈಯನ್ನು ತಲೆಯ ಮೇಲಕ್ಕೆತ್ತಿದಾಗ, ಎರಡು ಮೂಳೆಗಳ ನಡುವಿನ ಇಕ್ಕಟ್ಟಿನಲ್ಲಿ ಸಾಗಬೇಕಾಗುತ್ತದೆ. ನನ್ನಲ್ಲಿ ಹರಿದಿದ್ದುದು ಅದೇ. ಮತ್ತೆ ಈಜಬಹುದೇ ಎಂದು ಕೇಳಿದರೆ ಯಾರೂ ‘ಹೌದು’ ಎನ್ನಲಿಲ್ಲ, ‘ನೋಡೋಣ’ ಎಂದರು.

ಆ ರಜ್ಜುವನ್ನು ಹೊಲಿದು ಕೂಡಿಸುವ ವಿದ್ಯೆಯ ಹಿಂದೆ ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಎಂಬ ವೈದ್ಯನಿದ್ದಾನೆ. 1909ರಲ್ಲಿಯೇ ಆತ ಇಂತಹ ಶಸ್ತ್ರಚಿಕಿತ್ಸೆ ಮಾಡಿದನು. 1934ರಲ್ಲಿ ಭುಜವೊಂದನ್ನೇ ಕುರಿತು ದೊಡ್ಡ ಗ್ರಂಥ ಹೊರತಂದನು. ಸೊಂಟ ಬಾಗಿಸಿ, ಕೈಯನ್ನು ಗಡಿಯಾರದ ಲೋಲಕದಂತೆ ಇಳಿಬಿಟ್ಟು ತೂಗುವ ವ್ಯಾಯಾಮಕ್ಕೆ ಇಂದಿಗೂ ಅವನದೇ ಹೆಸರು. ನನಗೆ ಅವನಲ್ಲಿ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಪ್ರತಿ ರೋಗಿಗೂ ಒಂದು ಚೀಟಿ ಇಟ್ಟು, ವರ್ಷದ ನಂತರ ಕರೆಸಿ, ಗುಣವಾಯಿತೇ, ಇಲ್ಲವಾದರೆ ಏಕಾಗಲಿಲ್ಲ ಎಂದು ಬರೆದಿಡಬೇಕೆಂಬುದು ಅವನ ಹಟ. ಫಲಿತಾಂಶವನ್ನು ಬಹಿರಂಗಪಡಿಸಬೇಕೆಂಬ ಈ ಮಾತು ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. 1914ರಲ್ಲಿ ಆತ ದೊಡ್ಡಾಸ್ಪತ್ರೆಯ ಹುದ್ದೆಯನ್ನು ತೊರೆದನು.

ಮೂರು ತಿಂಗಳು ಕಳೆದ ಮೇಲೆ ನೀರಿಗಿಳಿಯಲು ನನಗೆ ಅನುಮತಿ ದೊರೆಯಿತು. ವ್ಯಾಯಾಮ ಕಲಿಸುವ ತರುಣ ಬೆರಳೆತ್ತಿ ಎಚ್ಚರಿಸಿದ: “ಮೇಷ್ಟ್ರೇ, ಸದ್ಯಕ್ಕೆ ತೋಳು ನೀರಿನ ಮೇಲೆ ಬರಕೂಡದು.” ಮೊದಲು ಎದೆಮಟ್ಟದ ನೀರಿನಲ್ಲಿ ನಡಿಗೆ. ಆಮೇಲೆ ಮೊಣಕೈ ತಗ್ಗಿಸಿ ಬ್ರೆಸ್ಟ್‌ಸ್ಟ್ರೋಕ್. ಅದು ನೋವಿಲ್ಲದೆ ಸಾಗಿದರೆ ಎಡಮಗ್ಗುಲಿಗೆ ಹೊರಳಿ, ಬಲಗೈಯನ್ನು ನೀರಿನೊಳಗೇ ಗಿಡ್ಡವಾಗಿ ಎಳೆಯುವ ಪಕ್ಕದ ಈಜು. ತೋಳು ಬೀಸುವ ಕ್ರಾಲ್ ಕಟ್ಟಕಡೆಗೆ.

ಇತಿಹಾಸ ಪಾಠ ಮಾಡಿದವನಿಗೆ ಈ ಅನುಕ್ರಮ ಪರಿಚಿತವೆನಿಸದೆ ಹೋದೀತೇ? ಯೂರೋಪು ಈಜು ಕಲಿತದ್ದು ಇದೇ ಕ್ರಮದಲ್ಲಿ. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ಸುಮಾರು 22 ಗಂಟೆಗಳಲ್ಲಿ ದಾಟಿದ್ದು ಬ್ರೆಸ್ಟ್‌ಸ್ಟ್ರೋಕಿನಲ್ಲಿ. ಪಕ್ಕದ ಈಜು ಆ ವೇಳೆಗೆ ಸ್ಪರ್ಧೆಗಳಿಗೆ ಬಂದಿತ್ತು. 1873ರಲ್ಲಿ ಜಾನ್ ಟ್ರಜನ್ ಎಂಬಾತ ದಕ್ಷಿಣ ಅಮೆರಿಕದಲ್ಲಿ ಕಲಿತ ಕೈಬೀಸುವ ಈಜನ್ನು ಲಂಡನ್ನಿನಲ್ಲಿ ತೋರಿಸಿದನಾದರೂ ಅವನ ಕಾಲುಗಳು ಹಳೆಯ ರೀತಿಯನ್ನು ಬಿಡಲಿಲ್ಲ. 1900ರ ಸುಮಾರಿಗೆ ಸಿಡ್ನಿಯಲ್ಲಿ ಸಾಲೊಮನ್ ದ್ವೀಪಗಳ ಹುಡುಗ ಆಲಿಕ್ ವಿಕಮ್ ಮತ್ತು ಈಜು ಕಲಿಸುವ ಕ್ಯಾವಿಲ್ ಮನೆತನದವರಿಂದ ಕ್ರಾಲ್ ಪ್ರಸಿದ್ಧಿಗೆ ಬಂದಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಹವಾಯಿಯ ಡ್ಯೂಕ್ ಕಹಾನಮೋಕು ನೂರು ಮೀಟರ್ ಗೆದ್ದ ಮೇಲೆ ಯಾರೂ ಅದನ್ನು ವಿಕಾರವೆನ್ನಲಿಲ್ಲ. ಕಣ್ಣೆದುರಿಗೆ ಬಂದ ವಿದ್ಯೆಯನ್ನು ಒಪ್ಪಿಕೊಳ್ಳಲು ಲಂಡನ್ನಿನ ಅಭಿಮಾನ ಅಷ್ಟು ಕಾಲ ತೆಗೆದುಕೊಂಡಿತು. ನಮ್ಮೂರ ತೋಟದ ಬಾವಿಯಲ್ಲಿ ಬೆನ್ನಿಗೆ ಒಣಸೋರೆಬುರುಡೆ ಕಟ್ಟಿಕೊಂಡು ಕಲಿತ ನಾವಂತೂ ಮೊದಲ ದಿನದಿಂದಲೇ ತೋಳು ಬೀಸಿದವರು. ಅದನ್ನು ಯಾವ ಪತ್ರಿಕೆಯೂ ಬರೆದುಕೊಳ್ಳಲಿಲ್ಲ!

ಆದರೆ ವೇಗಕ್ಕೆ ತೆರಬೇಕಾದ ಸುಂಕವೊಂದಿತ್ತು. ಸ್ಪರ್ಧೆಗೆ ಸಿದ್ಧರಾಗುವವರು ದಿನಕ್ಕೆ ಸಾವಿರಾರು ಬಾರಿ ತೋಳು ಬೀಸುತ್ತಾರೆ. 1974ರಲ್ಲಿ ಕೆನಡಾದ ವೈದ್ಯರಾದ ಕೆನಡಿ ಮತ್ತು ಹಾಕಿನ್ಸ್ ಅವರ ಲೇಖನದಿಂದ ‘ಈಜುಗಾರರ ಭುಜ’ ಎಂಬ ಹೆಸರೇ ವೈದ್ಯಶಾಸ್ತ್ರದಲ್ಲಿ ರೂಢಿಗೆ ಬಂದಿತು.

ನನಗೀಗ ಎಂಟನೆಯ ತಿಂಗಳು. ಎಡಗೈ ಮೇಲೆದ್ದಷ್ಟು ಸಲೀಸಾಗಿ ಬಲಗೈ ಏಳುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುತ್ತದೆ. ನನ್ನನ್ನು ವರ್ಷದ ಕೊನೆಗೆ ಕರೆಸುವ ಚೀಟಿ ಯಾವ ಆಸ್ಪತ್ರೆಯಲ್ಲಿಯೂ ಇಲ್ಲವಾದ್ದರಿಂದ, ಕಾಡ್‌ಮನ್ನನ ರೀತಿಯಲ್ಲಿ ದಿನಚರಿಯ ಪುಟವೊಂದನ್ನು ನಾನೇ ಗೆರೆ ಹಾಕಿ ಇಟ್ಟಿದ್ದೇನೆ. ಕಳೆದ ಸೋಮವಾರದ ನಮೂದು ಹೀಗಿದೆ: ಬ್ರೆಸ್ಟ್‌ಸ್ಟ್ರೋಕ್ ಹತ್ತು ಸುತ್ತು, ನೋವಿಲ್ಲ. ಪಕ್ಕದ ಈಜು ನಾಲ್ಕು ಸುತ್ತು, ಕೊನೆಯಲ್ಲಿ ಸ್ವಲ್ಪ ಸೆಳೆತ. ಕ್ರಾಲ್, ಅರ್ಧ ಕೊಳ.